ಅಪ್ಪಯ್ಯನ ಜೀಪು ಮತ್ತು ‘ಸುಮಾರಿಗೆ ಮೊದಲಿನಂತೆ’



ನಮ್ಮ ಮನೆಯ ಹಳೆಯ ಜೀಪು ಮತ್ತೆ ರಸ್ತೆಗಿಳಿದಿದೆ ಎಂಬ ಸುದ್ದಿ ನಿಮ್ಮಲ್ಲಿ ಹಲವರಿಗೆ ಈಗಾಗಲೇ ತಲುಪಿದೆ. ದೂರವಾಣಿಯಲ್ಲಿ ವಿಚಾರಿಸಿದವರೆಲ್ಲರ ಪ್ರಶ್ನೆ ಒಂದೇ: “ಸರ್, ಡೀಸೆಲ್ ಎಂಜಿನ್ ಹಾಕಿಸಿದ್ರಾ?” ಇಲ್ಲವೆಂದಾಗ ಆ ಕಡೆಯಿಂದ ಒಂದು ಕ್ಷಣ ಮೌನ. ಮೂವತ್ತಾರು ವರ್ಷ ತರಗತಿಯಲ್ಲಿ ನಿಂತವನಿಗೆ ಶಿಷ್ಯರ ಮೌನದ ಬಗೆಗಳು ಅರ್ಥವಾಗದೆ ಇರುವುದಿಲ್ಲ. ‘ಮೇಷ್ಟ್ರಿಗೆ ಪಿಂಚಣಿಯ ದುಡ್ಡು ಹೆಚ್ಚಾಗಿದೆ’ ಎಂಬುದೇ ಆ ಮೌನದ ಭಾವಾರ್ಥ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವುದಕ್ಕಿಂತ ನನ್ನ ಅಭಿಪ್ರಾಯವನ್ನು ಇಲ್ಲಿ ಒಮ್ಮೆ ಬರೆದುಬಿಡುವುದು ಮೇಲೆಂದುಕೊಂಡೆ.

ಮೊದಲು ಜೀಪಿನ ಜಾತಕ ಹೇಳುತ್ತೇನೆ. ಇದು 1968ರ ಮಹೀಂದ್ರ ಸಿಜೆ-3ಬಿ. ಅಮೆರಿಕದ ವಿಲ್ಲಿಸ್ ಕಂಪನಿ 1953ರಲ್ಲಿ ಹೊರತಂದ ಮಾದರಿ. 1947ರಲ್ಲಿ ಮುಂಬಯಿಯಲ್ಲಿ ಜೀಪುಗಳ ಜೋಡಣೆಗೆ ತೊಡಗಿದ ಮಹೀಂದ್ರದವರು ಮುಂದೆ ಪರವಾನಗಿ ಪಡೆದು ಈ ಮಾದರಿಯನ್ನು ಇಲ್ಲಿಯೇ ತಯಾರಿಸಿದರು. ಅಮೆರಿಕದಲ್ಲಿ ಇದರ ತಯಾರಿಕೆ 1968ಕ್ಕೆ ನಿಂತರೂ ನಮ್ಮಲ್ಲಿ ಇದರ ಸಂತತಿ ದಶಕಗಳ ಕಾಲ ಮುಂದುವರಿಯಿತು. ಅಪ್ಪಯ್ಯ ಇದನ್ನು 1974ರಲ್ಲಿ ಕೊಪ್ಪದ ಕಡೆಯ ಒಬ್ಬ ತೋಟದ ಮಾಲೀಕರಿಂದ ಕೊಂಡರು. 1973ರ ತೈಲ ಬಿಕ್ಕಟ್ಟಿನ ತರುವಾಯ ಪೆಟ್ರೋಲಿನ ಬೆಲೆ ಏರಿ, ಇದನ್ನು ಸಾಕಲಾರದೆ ಮಾರುವವರಿದ್ದುದರಿಂದಲೇ ತಮಗೆ ಅಗ್ಗಕ್ಕೆ ಸಿಕ್ಕಿತೆಂದು ಅವರು ಹೇಳುತ್ತಿದ್ದರು. ಅಡಿಕೆ ಮೂಟೆ, ಗೊಬ್ಬರ, ಮದುವೆಯ ದಿಬ್ಬಣ, ಬಾಣಂತಿಯರು, ಒಮ್ಮೆ ಯಕ್ಷಗಾನ ಮೇಳದವರ ಪೆಟ್ಟಿಗೆಗಳು, ಹೀಗೆ ಇದು ಹೊರದ ಹೊರೆಯಿಲ್ಲ.

1988ರ ಹತ್ತನೇ ತರಗತಿಯವರಿಗೆ ಇನ್ನೊಂದು ಸಂಗತಿ ನೆನಪಿರಬೇಕು. ಅಂತರ್ದಹನ ಎಂಜಿನ್ನಿನ ಪಾಠದ ದಿನ ನಾನು ಅಪ್ಪಯ್ಯನನ್ನು ಕಾಡಿಬೇಡಿ ಜೀಪನ್ನು ಶಾಲೆಯ ಮೈದಾನಕ್ಕೆ ತರಿಸಿ, ಬಾನೆಟ್ಟು ತೆರೆದು ಪಾಠ ಮಾಡಿದ್ದೆ. ಹಲಗೆಯ ಮೇಲೆ ನಾನು ಬರೆದ ಚಿತ್ರದಲ್ಲಿ ಎರಡು ಕವಾಟಗಳೂ ಸಿಲಿಂಡರಿನ ನೆತ್ತಿಯ ಮೇಲಿದ್ದವು. ಆದರೆ ಎಂಜಿನ್ನಿನಲ್ಲಿ ನೋಡಿದರೆ ಹಾಗಿರಲಿಲ್ಲ. ಹಿಂದಿನ ಸಾಲಿನ ಹುಡುಗಿಯೊಬ್ಬಳು, “ಸರ್, ಹೊಗೆ ಹೋಗುವ ಪೈಪು ಕೆಳಗಡೆಯಿಂದ ಹೊರಟಿದೆಯಲ್ಲ?” ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಮರುದಿನ ಹೇಳುತ್ತೇನೆಂದು ತಪ್ಪಿಸಿಕೊಂಡು, ಆ ರಾತ್ರಿ ಅಪ್ಪಯ್ಯನ ಬಳಿಯಿದ್ದ ಎಣ್ಣೆ ಮೆತ್ತಿದ ಕೈಪಿಡಿಯನ್ನು ಓದಿದೆ.

ಅಲ್ಲಿ ಕಂಡ ವಿಷಯವೇ ನನ್ನ ವಾದದ ಅಡಿಗಲ್ಲು. ಎರಡನೆಯ ಮಹಾಯುದ್ಧದ ಜೀಪುಗಳಲ್ಲಿದ್ದದ್ದು ‘ಗೋ ಡೆವಿಲ್’ ಎಂಬ ಎಂಜಿನ್. ಅದರಲ್ಲಿ ಗಾಳಿ ಒಳಬರುವ ಕವಾಟ, ಹೊಗೆ ಹೊರಹೋಗುವ ಕವಾಟ, ಎರಡೂ ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನೊಳಗೇ ಇದ್ದವು. ಅದರ ಶಕ್ತಿ 60 ಅಶ್ವಸಾಮರ್ಥ್ಯ. ಮುಂದೆ ಬಂದ ‘ಹರಿಕೇನ್’ ಎಂಜಿನ್ನಿನಲ್ಲಿ ಸಿಲಿಂಡರಿನ ಅಳತೆಯನ್ನು ಬದಲಿಸದೆ, ಒಳಬರುವ ಕವಾಟವನ್ನು ಮಾತ್ರ ದೊಡ್ಡದು ಮಾಡಿ ಮೇಲೆ ಹೆಡ್ಡಿಗೆ ಸಾಗಿಸಿದರು. ಹೊಗೆಯ ಕವಾಟ ಬ್ಲಾಕಿನಲ್ಲೇ ಉಳಿಯಿತು. ಇದಕ್ಕೆ ಎಫ್-ಹೆಡ್ ಎಂದು ಹೆಸರು. ಅದೇ 2.2 ಲೀಟರ್ ಗಾತ್ರದಲ್ಲಿ ಶಕ್ತಿ 75ರ ಹತ್ತಿರಕ್ಕೆ ಏರಿತು. ಆದರೆ ಎಂಜಿನ್ ಎತ್ತರವಾಯಿತು, ಹಳೆಯ ಬಾನೆಟ್ಟಿನ ಕೆಳಗೆ ಕೂರಲೊಲ್ಲದು. ಆಗ ಅವರು ಬಾನೆಟ್ಟನ್ನೇ ಎತ್ತರಿಸಿದರು. ಸಿಜೆ-3ಬಿ ಜೀಪಿನ ಆ ಎತ್ತರದ, ನೋಡುವವರಿಗೆ ಕೊಂಚ ಒರಟೆನಿಸುವ ಮುಖಕ್ಕೆ ಇದೇ ಕಾರಣ. ಅಂದರೆ ಮುಖಕ್ಕೆ ತಕ್ಕ ಹೃದಯವನ್ನು ಇಟ್ಟದ್ದಲ್ಲ, ಹೃದಯಕ್ಕಾಗಿ ಮುಖವನ್ನು ಬದಲಿಸಿದ್ದು.

ಹೀಗಿರುವಾಗ ಆ ಎಂಜಿನ್ನನ್ನು ತೆಗೆದುಹಾಕಿ, ಎತ್ತರದ ಬಾನೆಟ್ಟನ್ನು ಮಾತ್ರ ಹೊಳಪಿಸಿಟ್ಟುಕೊಂಡು ‘ಹಳೆಯ ಜೀಪನ್ನು ಉಳಿಸಿದ್ದೇವೆ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಹಿಂದೆ ಮೆಟಡೋರ್ ಎಂಜಿನ್ನನ್ನೋ ಮತ್ತೊಂದನ್ನೋ ಹಾಕಿಸಿಕೊಂಡವರನ್ನು ನಾನು ಆಕ್ಷೇಪಿಸುತ್ತಿಲ್ಲ. ಲೀಟರಿಗೆ ಏಳೆಂಟು ಕಿಲೋಮೀಟರ್ ಕೊಡುವ ವಾಹನವನ್ನು ದಿನನಿತ್ಯ ಬಾಡಿಗೆಗೆ ಓಡಿಸಿ ಸಂಸಾರ ಸಾಗಿಸಬೇಕಾಗಿದ್ದವರಿಗೆ ಡೀಸೆಲ್ ಅನಿವಾರ್ಯವಾಗಿತ್ತು. ಅದು ಹೊಟ್ಟೆಪಾಡಿನ ಮಾತು. ಈಗ ಬೆಂಗಳೂರಿನಲ್ಲಿ ಎರಡು ಕಾರಿಟ್ಟುಕೊಂಡು, ವಾರಾಂತ್ಯದ ವಿಹಾರಕ್ಕೆಂದು ಅದೇ ಕೆಲಸ ಮಾಡಿಸುವವರ ಮಾತು ಬೇರೆ.

ಈ ಕೊನೆಯ ವಾಕ್ಯ ನನ್ನ ಅಣ್ಣನ ಮಗನಿಗೆ ತಾಗುತ್ತದೆ, ಗೊತ್ತು. ಅವನೂ ಈ ಪುಟವನ್ನು ಓದುತ್ತಾನೆ. ಜೀಪಿನಲ್ಲಿ ಅಣ್ಣಯ್ಯನಿಗೂ ನನಗೂ ಸಮಪಾಲು. ಅಣ್ಣಯ್ಯ ತೀರಿಕೊಂಡ ಮೇಲೆ ಆ ಪಾಲು ಅವನದು. 2006ರಿಂದ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ನಿಂತಿದ್ದ ಜೀಪನ್ನು ಎತ್ತೋಣವೆಂದು 2023ರಲ್ಲಿ ನಾನು ಹೇಳಿದಾಗ ಮೊದಲು ದುಡ್ಡು ಕಳಿಸಿದವನು ಅವನೇ. ಆದರೆ ಜೊತೆಯಲ್ಲಿ ಒಂದು ಚಿತ್ರವನ್ನೂ ಕಳಿಸಿದ. ಯಾವುದೋ ಪ್ರದರ್ಶನದ ಜೀಪು. ಬಾನೆಟ್ಟಿನ ಕೆಳಗೆ ಹೊಸ ಡೀಸೆಲ್ ಎಂಜಿನ್, ಕನ್ನಡಿಯಂತೆ ಹೊಳೆಯುವ ಕ್ರೋಮ್ ಮುಚ್ಚಳಗಳು, ಕೆಂಪು ನೀಲಿ ಹೋಸ್ ಪೈಪುಗಳು. “ಚಿಕ್ಕಪ್ಪಯ್ಯ, ನಮ್ಮದೂ ಹೀಗೇ ಆಗ್ಬೇಕು” ಎಂದ. ಒಡವೆ ಅಂಗಡಿಯ ಕಪಾಟಿನಂತಿದೆಯಲ್ಲೋ ಮಾರಾಯ ಎಂದೆ. ಅವನಿಗೆ ಬೇಸರವಾಯಿತು. ಎರಡು ತಿಂಗಳು ನಮ್ಮಿಬ್ಬರ ನಡುವೆ ಹಬ್ಬದ ಶುಭಾಶಯದ ಹೊರತು ಮಾತಿರಲಿಲ್ಲ.

ಕೆಲಸಕ್ಕೆ ಕೈಹಾಕಿದವನು 1996ರ ತಂಡದ ನನ್ನ ಒಬ್ಬ ಶಿಷ್ಯ. ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಅವನಿಗೆ ನಾನು ಕೊಟ್ಟ ಅಂಕಗಳನ್ನು ಇಲ್ಲಿ ಹೇಳುವುದಿಲ್ಲ; ಹೇಳಿದರೆ ಮರ್ಯಾದೆ ಹೋಗುವುದು ನನ್ನದು. ಅವನು ಬಾನೆಟ್ಟು ಎತ್ತಿ, ಟಾರ್ಚು ಹಿಡಿದು ಅರ್ಧ ಗಂಟೆ ಸುಮ್ಮನೆ ನೋಡಿದ. ಆಮೇಲೆ, “ಸರ್, ಎಂಜಿನ್ ಸತ್ತದ್ದಲ್ಲ, ಕೊಂದದ್ದು” ಎಂದ.

ಅಪ್ಪಯ್ಯ ಕಾಯಿಲೆ ಬಿದ್ದಿದ್ದಾಗ, 1991ರಲ್ಲಿ, ಜೀಪನ್ನು ಪೇಟೆಯ ಒಂದು ಗ್ಯಾರೇಜಿಗೆ ಕೊಟ್ಟಿದ್ದೆವು. ಅಲ್ಲಿ ನಡೆದದ್ದು ನಮಗೆ ತಿಳಿದದ್ದು ಮೂವತ್ತೆರಡು ವರ್ಷಗಳ ಮೇಲೆ. ಮೊದಲನೆಯದಾಗಿ, ಥರ್ಮೋಸ್ಟಾಟ್ ಇರಲೇ ಇಲ್ಲ. ‘ನಮ್ಮ ಸೆಕೆಯ ದೇಶಕ್ಕೆ ಅದು ಬೇಡ’ ಎಂದು ಕಿತ್ತೆಸೆಯುವುದು ಆಗ ಅನೇಕ ಕಡೆ ರೂಢಿಯಾಗಿತ್ತು. ಮಕ್ಕಳೇ, ಇದು ತಪ್ಪು ತಿಳಿವಳಿಕೆ. ಥರ್ಮೋಸ್ಟಾಟ್ ಎಂಜಿನ್ನನ್ನು ತಣ್ಣಗಿಡುವ ಸಾಧನವಲ್ಲ, ಬೇಗ ಬಿಸಿಯಾಗಿಸಿ ಆ ಬಿಸಿಯಲ್ಲೇ ನಿಲ್ಲಿಸುವ ಸಾಧನ. ನೀರು ತಕ್ಕಷ್ಟು ಕಾಯುವವರೆಗೆ ಅದು ರೇಡಿಯೇಟರಿನ ದಾರಿ ಮುಚ್ಚಿರುತ್ತದೆ. ಕಾದಾಗ ಒಳಗಿನ ಮೇಣ ಉಬ್ಬಿ ದಾರಿ ತೆರೆಯುತ್ತದೆ. ಅದಿಲ್ಲದ ಎಂಜಿನ್ ನಮ್ಮ ಆಗುಂಬೆ ಸೀಮೆಯ ಮಳೆಗಾಲದಲ್ಲಿ, ಮೂರು ನಾಲ್ಕು ಮೈಲಿಯ ಓಡಾಟದಲ್ಲಿ, ಸರಿಯಾಗಿ ಬಿಸಿಯಾಗುವುದೇ ಇಲ್ಲ. ಪೂರ್ತಿ ಆವಿಯಾಗದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ. ದಹನದಲ್ಲಿ ಹುಟ್ಟಿದ ನೀರಾವಿ ಕೆಳಗಿನ ಎಣ್ಣೆಯಲ್ಲಿ ಸೇರಿ ಉಳಿಯುತ್ತದೆ. ನಮ್ಮ ಜೀಪಿನ ಎಣ್ಣೆಯ ಮುಚ್ಚಳ ತೆರೆದಾಗ ಒಳಗೆ ಹಳಸಿದ ಬೆಣ್ಣೆಯಂಥ ಜಿಡ್ಡು ಕಟ್ಟಿತ್ತು.

ಎರಡನೆಯದು, ಗಾಳಿ ಶೋಧಕ. ಮೂಲದಲ್ಲಿ ಇದಕ್ಕೆ ಇದ್ದದ್ದು ಎಣ್ಣೆ ಬಟ್ಟಲಿನ ಏರ್ ಕ್ಲೀನರು. ಒಳಗೆ ಬರುವ ಗಾಳಿ ಎಣ್ಣೆಯ ಮೇಲೆ ಥಟ್ಟನೆ ತಿರುಗಬೇಕು. ಹಗುರವಾದ ಗಾಳಿ ತಿರುಗುತ್ತದೆ, ಭಾರದ ಧೂಳು ತಿರುಗಲಾರದೆ ನೇರ ಹೋಗಿ ಎಣ್ಣೆಗೆ ಬೀಳುತ್ತದೆ. ಜಡತ್ವದ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಪಠ್ಯಪುಸ್ತಕಗಳಲ್ಲಿ ಕಂಡಿಲ್ಲ. ಅದನ್ನು ತೆಗೆದು ಯಾವುದೋ ಚಿಕ್ಕ ಕಾರಿನ ಕಾಗದದ ಫಿಲ್ಟರನ್ನು ತಂತಿಯಿಂದ ಕಟ್ಟಿದ್ದರು. ಸಂದಿನಿಂದ ನುಗ್ಗಿದ ನಮ್ಮೂರ ಕೆಂಪು ಧೂಳು ಕಾರ್ಬ್ಯುರೇಟರಿನ ಗಂಟಲಲ್ಲಿ ಕುಂಕುಮದಂತೆ ಮೆತ್ತಿತ್ತು. ಎಣ್ಣೆ ಫಿಲ್ಟರಿನ ಡಬ್ಬಿಯನ್ನೂ ಕಳಚಿ, ಅದರ ಪೈಪುಗಳ ಬಾಯಿಗೆ ಬಿರಡೆ ಜಡಿದಿದ್ದರು. ವೈರುಗಳ ಕಥೆ ಬೇಡ. ಒಂದು ಕಡೆ ಫ್ಯೂಸಿನ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿದ್ದು, ಅದರ ಮೇಲಿನ ಹೊದಿಕೆ ಸುಟ್ಟು ಕರಿಕಾಗಿತ್ತು. ಇದರಲ್ಲಿ ನಾವು ಹದಿನೈದು ವರ್ಷ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಓಡಾಡಿದ್ದೇವೆ.

ಆದ್ದರಿಂದ ಮೂಲ ಸ್ಥಿತಿಗೆ ಮರಳಿಸುವುದೆಂದರೆ ಹಳೆಯದರ ಮೇಲಿನ ವ್ಯಾಮೋಹ ಎಂದು ಯಾರಾದರೂ ಹೇಳಿದರೆ ನಾನು ಈ ಮೂರು ವಸ್ತುಗಳನ್ನು ತೋರಿಸುತ್ತೇನೆ. ವಿನ್ಯಾಸ ಮಾಡಿದವನು ಅಲ್ಲಿ ಒಂದು ವಸ್ತುವನ್ನು ಇಟ್ಟದ್ದಕ್ಕೆ ಕಾರಣವಿತ್ತು. ಕಾರಣ ತಿಳಿಯದವರು ಅದನ್ನು ತೆಗೆದರು. ತೆಗೆದದ್ದರ ಬೆಲೆಯನ್ನು ಎಂಜಿನ್ ತೆತ್ತಿತು. ಸಿಲಿಂಡರುಗಳನ್ನು ಬೋರ್ ಮಾಡಿಸಲು ಶಿವಮೊಗ್ಗಕ್ಕೆ ಸಾಗಿಸಿದಾಗ ನಾವೂ ತೆತ್ತೆವು.

ಏರ್ ಕ್ಲೀನರಿನ ಶೋಧ ನಾಲ್ಕು ತಿಂಗಳು ನಡೆಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ನನ್ನನ್ನು ಕನಿಕರದಿಂದ ನೋಡಿದರು. ಕೊನೆಗೆ ಶಿವಾಜಿನಗರದ ಗುಜರಿಯಲ್ಲಿ, ಟ್ರ್ಯಾಕ್ಟರುಗಳ ಸಾಮಾನಿನ ಅಡಿಯಲ್ಲಿ, ನುಗ್ಗಾದರೂ ತೂತಿಲ್ಲದ ಒಂದು ದೊರೆಯಿತು. ಅದನ್ನು ಹುಡುಕಿಕೊಟ್ಟವನು ನನ್ನೊಡನೆ ಮಾತು ಬಿಟ್ಟಿದ್ದ ಅಣ್ಣನ ಮಗನೇ ಎಂಬುದನ್ನು ನ್ಯಾಯಕ್ಕಾಗಿ ದಾಖಲಿಸುತ್ತೇನೆ. ಎರಡು ರಜಾದಿನ ಅಲೆದು, ಸೀಮೆಎಣ್ಣೆಯ ವಾಸನೆ ಬರುವ ಕೈಯಿಂದಲೇ ನನಗೆ ಫೋನು ಮಾಡಿದ್ದ.

ಬಣ್ಣದ ವಿಚಾರದಲ್ಲಿ ಶಿಷ್ಯನೊಂದು ಉಪಾಯ ಮಾಡಿದ. ಬಾನೆಟ್ಟಿನೊಳಗೆ ನಾಲ್ಕು ಪದರ ಬಣ್ಣವಿತ್ತು, ಮೂಲದ್ದು ಯಾವುದೆಂದು ತಿಳಿಯದು. ಅವನು ಗೋಡೆಗೆ ತಿರುಪು ಹಾಕಿ ಕೂರಿಸಿದ್ದ ಹಿತ್ತಾಳೆಯ ಪಟ್ಟಿಯನ್ನು ಮೆಲ್ಲಗೆ ಬಿಚ್ಚಿದ. ಗಾಳಿ ಬಿಸಿಲು ಸೋಕದ ಆ ಬೆರಳಗಲ ಜಾಗದಲ್ಲಿ ಮೂಲ ಹಸಿರು ಹಾಗೆಯೇ ಇತ್ತು. ಅದಕ್ಕೆ ಹೊಂದಿಸಿ ಬಣ್ಣ ಕಲಸಿದೆವು. ಕ್ರೋಮ್ ಎಲ್ಲಿಯೂ ಇಲ್ಲ. ಈ ಜೀಪಿನ ಎಂಜಿನ್ ಎಂದೂ ಹೊಳೆದದ್ದಲ್ಲ, ಹೊಳೆಯಲೆಂದು ಅದನ್ನು ಯಾರೂ ಮಾಡಿರಲೂ ಇಲ್ಲ.

ಇಷ್ಟಾದರೂ ನನ್ನ ನಿಲುವಿನಲ್ಲಿ ಒಂದು ದೋಷವಿತ್ತು. ಆಗ ನಾನು ಬಯಸಿದ್ದು ಸಂಪೂರ್ಣ ಮೂಲ ಸ್ಥಿತಿಯನ್ನು. ಕೈಪಿಡಿಯ ಚಿತ್ರದಲ್ಲಿ ಇಲ್ಲದ್ದು ಯಾವುದೂ ಇರಕೂಡದೆಂದು ಹಟ ಹಿಡಿದಿದ್ದೆ. ಒಂದು ಸಂಜೆ ಗ್ಯಾರೇಜಿಗೆ ಹೋದಾಗ, ತೊಳೆದು ಜೋಡಿಸಿಟ್ಟ ಭಾಗಗಳ ಸಾಲಿನಲ್ಲಿ ಒಂದು ತಗಡಿನ ತುಂಡನ್ನು ಕಂಡೆ. ಡಾಲ್ಡಾ ಡಬ್ಬಿಯನ್ನು ಕತ್ತರಿಸಿ, ಅಂಚು ಮಡಿಚಿ, ಎರಡು ತೂತು ಕೊರೆದ ತಗಡು. ಒಳಮೈಯಲ್ಲಿ ಮರದ ಚಿತ್ರದ ಹಸಿರು ಇನ್ನೂ ಮಸುಕಾಗಿ ಕಾಣುತ್ತಿತ್ತು. ಗುಜರಿಗೆ ಹಾಕು ಎಂದೆ. ಶಿಷ್ಯ ಹಾಕಲಿಲ್ಲ. “ಸರ್, ಇದನ್ನ ಡಿಸ್ಟ್ರಿಬ್ಯೂಟರಿಗೆ ಅಡ್ಡ ಕಟ್ಟಿದ್ರು. ಮಾಡಿದವರು ತಿಳಿದೇ ಮಾಡಿದಾರೆ. ಯಾರು ಮಾಡಿದ್ದು?” ಎಂದ.

ಯಾರೆಂದು ನನಗೆ ಗೊತ್ತಿತ್ತು. ಮುಂದಿನ ಮಾತುಗಳನ್ನು ಅತ್ತಿಗೆಯವರ ಅನುಮತಿ ಪಡೆದೇ ಬರೆಯುತ್ತಿದ್ದೇನೆ.

1979ರ ಜುಲೈ. ಅತ್ತಿಗೆಯವರಿಗೆ ಚೊಚ್ಚಲ ಹೆರಿಗೆಯ ನೋವು, ತಿಂಗಳು ತುಂಬುವ ಮೊದಲೇ, ರಾತ್ರಿ ಹನ್ನೊಂದಕ್ಕೆ ಆರಂಭವಾಯಿತು. ತೀರ್ಥಹಳ್ಳಿಯ ಆಸ್ಪತ್ರೆಗೆ ಹೋಗಬೇಕಾದರೆ ನಮ್ಮ ಮನೆಯ ಕೆಳಗಿನ ಹಳ್ಳ ದಾಟಬೇಕು; ಆಗ ಅದಕ್ಕೆ ಸೇತುವೆಯಿರಲಿಲ್ಲ. ನೀರು ಹೆಚ್ಚಿದ್ದಾಗ ಅಪ್ಪಯ್ಯ ಫ್ಯಾನಿನ ಬೆಲ್ಟು ಕಳಚಿ ದಾಟುತ್ತಿದ್ದರು. ಇಲ್ಲದಿದ್ದರೆ ಫ್ಯಾನು ನೀರನ್ನು ಎಂಜಿನ್ನಿನ ಮೇಲೆಲ್ಲ ಎರಚುತ್ತದೆ. ಆ ರಾತ್ರಿ ಆತುರದಲ್ಲಿ ಕಳಚಲಿಲ್ಲ. ಹಳ್ಳದ ನಡುವೆ ಡಿಸ್ಟ್ರಿಬ್ಯೂಟರಿಗೆ ನೀರು ಹೊಕ್ಕು ಎಂಜಿನ್ ನಿಂತಿತು. ನಾನೂ ಅಣ್ಣಯ್ಯನೂ ಸೊಂಟದ ನೀರಿನಲ್ಲಿ ಇಳಿದು ಜೀಪನ್ನು ಹಿಡಿದುಕೊಂಡೆವು. ಅಪ್ಪಯ್ಯ ಬಾನೆಟ್ಟು ಎತ್ತಿ, ಮೇಲೆ ಕಂಬಳಿ ಹಿಡಿಸಿ, ಮುಚ್ಚಳ ಬಿಚ್ಚಿ ಪಂಚೆಯ ಸೆರಗಿನಿಂದ ಒರೆಸಿದರು, ಒರೆಸಿದಷ್ಟೂ ಒದ್ದೆ. ಮತ್ತೆ ಎಂಜಿನ್ ಹತ್ತಿದ್ದು ಮುಕ್ಕಾಲು ಗಂಟೆಯ ಮೇಲೆ. ಅತ್ತಿಗೆ ಉಳಿದರು, ಮಗು ಉಳಿಯಲಿಲ್ಲ. ಬೇಗ ಬಂದಿದ್ದರೂ ಉಳಿಯುತ್ತಿತ್ತೆಂದು ಹೇಳಲಾಗದು ಎಂದು ವೈದ್ಯರು ಹೇಳಿದರು. ಅಪ್ಪಯ್ಯ ಏನೂ ಹೇಳಲಿಲ್ಲ. ಮುಂದಿನ ವಾರ ಡಾಲ್ಡಾ ಡಬ್ಬಿಯನ್ನು ಕತ್ತರಿಸುತ್ತ ಜಗುಲಿಯಲ್ಲಿ ಕೂತಿದ್ದರು. ಆಮೇಲೆ ಆ ಜೀಪು ಹಳ್ಳದಲ್ಲಿ ಎಂದೂ ನಿಲ್ಲಲಿಲ್ಲ.

ಈ ತಗಡನ್ನು ‘ಮೂಲದಲ್ಲಿ ಇರಲಿಲ್ಲ’ ಎಂಬ ಕಾರಣಕ್ಕೆ ಗುಜರಿಗೆ ಹಾಕಲು ಹೊರಟಿದ್ದವನು ನಾನು. 1991ರ ಗ್ಯಾರೇಜಿನವರು ಕಾರಣ ತಿಳಿಯದೆ ತೆಗೆದರೆಂದು ದೂರಿದ ನಾನೇ, ಕಾರಣ ತಿಳಿದೂ ತೆಗೆಯಲು ಹೇಳಿದ್ದೆ. ಅಂದಿನಿಂದ ಶಿಷ್ಯನ ಮಾತಿನಂತೆ ನಮ್ಮ ಗುರಿ ‘ಸುಮಾರಿಗೆ ಮೊದಲಿನಂತೆ’ ಎಂದು ಬದಲಾಯಿತು. ಕಂಪನಿಯವರು ಇಟ್ಟದ್ದು ಇರಬೇಕು. ಅಪ್ಪಯ್ಯ ಅನುಭವದಿಂದ ಕೂಡಿಸಿದ್ದೂ ಇರಬೇಕು. ಬ್ಯಾಟರಿಯ ಕೆಳಗೆ ಊರ ಕುಲುಮೆಯಲ್ಲಿ ಬಡಿಸಿದ ಕಬ್ಬಿಣದ ಪಟ್ಟಿಯೂ ಹೀಗೆ ಉಳಿದುಕೊಂಡಿತು. ತಗಡಿಗೆ ಹೊರಮೈಗೆ ಮಾತ್ರ ಬಣ್ಣ ಬಳಿದು, ಒಳಗಿನ ಮರವನ್ನು ಹಾಗೆಯೇ ಬಿಟ್ಟೆವು.

ಇನ್ನು ಕಾಲ ಬೇಡುವ ಬದಲಾವಣೆಗಳೂ ಉಂಟು. ಅಲ್ಲಿ ಹಟ ಸಲ್ಲದು. 2025ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆಯತೊಡಗಿತು. 1968ರ ರಬ್ಬರಿಗೆ ಅದು ಒಗ್ಗದು. ಹೋಸುಗಳು ಬಿರುಕು ಬಿಡುತ್ತವೆ, ಪಂಪಿನ ಪೊರೆ ಮೆತ್ತಗಾಗುತ್ತದೆ. ಬಿಸಿ ಎಂಜಿನ್ನಿನ ಪಕ್ಕದಲ್ಲಿ ಪೆಟ್ರೋಲ್ ಸೋರುವುದೆಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಇಂಧನದ ಹೋಸುಗಳೂ ಪೊರೆಯೂ ಎಥನಾಲ್ ತಡೆಯುವ ಈಗಿನವು. ಎಥನಾಲ್ ತೇವವನ್ನೂ ಹೀರುವುದರಿಂದ ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸದೆ ಆಗಾಗ ಓಡಿಸುತ್ತೇನೆ. ವೈರುಗಳು ಹೊಸವು, ಮೂಲದಲ್ಲಿ ಇದ್ದುದಕ್ಕಿಂತ ಹೆಚ್ಚು ಫ್ಯೂಸುಗಳಿವೆ. ಡೈನಮೋವನ್ನು ಮಾತ್ರ ಹೊಸ ತಂತಿ ಸುತ್ತಿಸಿ ಉಳಿಸಿಕೊಂಡಿದ್ದೇನೆ. ಘಾಟಿಯ ತಿರುವಿನಲ್ಲಿ ವೇಗ ಇಳಿಸಿದಾಗ ದೀಪ ಮಂಕಾಗುತ್ತದೆ, ಆಲ್ಟರ್ನೇಟರ್ ಹಾಕಿಸಿ ಎಂದು ಶಿಷ್ಯ ಹೇಳುತ್ತಲೇ ಇದ್ದಾನೆ. ಅವನು ಹೇಳುವುದು ಸರಿ. ನಾನು ಕತ್ತಲಾದ ಮೇಲೆ ಘಾಟಿಗೆ ಹೋಗುವುದಿಲ್ಲ, ಅಷ್ಟೇ ನನ್ನ ಸಮರ್ಥನೆ.

ಕಾನೂನಿನ ಮಾತು ಕೇಳಿದವರಿಗೆ: ಎಂಜಿನ್ ಬದಲಿಸಿದರೆ ನೋಂದಣಿ ಕಚೇರಿಯ ಒಪ್ಪಿಗೆ ಪಡೆದು ಆರ್.ಸಿ.ಯಲ್ಲಿ ಕಾಣಿಸಬೇಕು. ನಮ್ಮಲ್ಲಿ ಬ್ಲಾಕಿನ ಸಂಖ್ಯೆಯೂ ಪುಸ್ತಕದ ಸಂಖ್ಯೆಯೂ ಒಂದೇ ಆಗಿದ್ದುದರಿಂದ ತಪಾಸಣೆಯ ದಿನ ತೊಡಕಾಗಲಿಲ್ಲ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು, ‘ವಿಎ’ ಅಕ್ಷರಗಳ ಫಲಕವೂ ದೊರೆಯುತ್ತದೆ. ಅಣ್ಣನ ಮಗನಿಗೆ ಆ ಫಲಕದ ಮೇಲೆ ಆಸೆಯಿತ್ತು. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ; ಪ್ರದರ್ಶನ, ರ್‍ಯಾಲಿ ಮುಂತಾದವಕ್ಕಷ್ಟೆ. ಅಡಿಕೆ ಮೂಟೆ ಹೊರಲಾಗದ ಜೀಪು ನಮಗೇಕೆ? ಎಂದಿನ ನೋಂದಣಿಯನ್ನೇ ನವೀಕರಿಸಿದೆವು.

ದೀಪಾವಳಿಗೆ ಅವನು ಬಂದಿದ್ದ. ಅಕ್ಕನೊಬ್ಬಳು ಹುಟ್ಟಿ ತೀರಿಕೊಂಡದ್ದು ಅವನಿಗೆ ಗೊತ್ತಿತ್ತು, ಹಳ್ಳದ ಸಂಗತಿ ಗೊತ್ತಿರಲಿಲ್ಲ. ಅತ್ತಿಗೆಯವರೇ ಹೇಳಿದರು. ಅವನು ಬಾನೆಟ್ಟು ಎತ್ತಿ ನೋಡಿದ, ತಗಡನ್ನು ಮುಟ್ಟಿದ, ಏನೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಮಾತ್ರ, “ಚಿಕ್ಕಪ್ಪಯ್ಯ, ರೇಡಿಯೇಟರಿನ ಮುಚ್ಚಳವೊಂದಾದರೂ ಹೊಳೆಯುವಂಥದ್ದು ಹಾಕೋಣ” ಎಂದ. ಹಾಕಿಸಿದ್ದೇನೆ.

ಕೊನೆಯದಾಗಿ ಒಂದು ಬೇಡಿಕೆ. ಏರ್ ಕ್ಲೀನರಿನಿಂದ ಕಾರ್ಬ್ಯುರೇಟರಿಗೆ ಹೋಗುವ ಕೊಳವೆಯನ್ನು ಹಿಡಿದಿಡುವ ಕ್ಲಾಂಪು ಯಾವ ಬೋಲ್ಟಿಗೆ ಸೇರಿದ್ದೆಂದು ನಮಗೆ ಇನ್ನೂ ತೀರ್ಮಾನವಾಗಿಲ್ಲ; ಕೈಪಿಡಿಯ ಆ ಪುಟವನ್ನು ಇಲಿ ತಿಂದಿದೆ. 1988ರಲ್ಲಿ ಮೈದಾನದಲ್ಲಿ ಪಾಠ ಮಾಡಿದ ದಿನ, ಬೀಳ್ಕೊಡುಗೆಯ ಚಿತ್ರ ತೆಗೆಯಲು ಬಂದಿದ್ದ ಛಾಯಾಗ್ರಾಹಕರು ತೆರೆದ ಬಾನೆಟ್ಟಿನ ಸುತ್ತ ನಿಮ್ಮನ್ನೆಲ್ಲ ನಿಲ್ಲಿಸಿ ಒಂದು ಚಿತ್ರ ತೆಗೆದಿದ್ದರು. ಆಗ ಮೂಲದ ಏರ್ ಕ್ಲೀನರು ಇನ್ನೂ ಇತ್ತು. ನಿಮ್ಮಲ್ಲಿ ಯಾರ ಬಳಿಯಾದರೂ ಆ ಚಿತ್ರವಿದ್ದರೆ ದಯವಿಟ್ಟು ಕಳಿಸಿ. ಕೊಳವೆಯ ಕಥೆ ಕೇಳಿದ ಹಿಂದಿನ ಸಾಲಿನ ಹುಡುಗಿ ಬಲಗಡೆಯ ತುದಿಯಲ್ಲಿ ನಿಂತಿದ್ದಳು. ಅವಳ ಜಡೆ ಅಡ್ಡ ಬಂದಿರದಿದ್ದರೆ ಕ್ಲಾಂಪು ಕಾಣಬೇಕು.